ಮೊದಲನೇ ಸಾಕು

ಚಾಮರಾಜಪೇಟೆ, ಬಸವನಗುಡಿ, ಗವಿಪುರದ ಕಡೆ ಮದುವೆಯೂಟ ಉಂಡು ಬೆಳೆದವರಲ್ಲಿ ವರದಣ್ಣನ ಕೈಯಿಂದ ಬಡಿಸಿಕೊಳ್ಳದವರು ಕಡಿಮೆ. ಪೂರ್ತಿ ಹೆಸರು ವರದರಾಜ. ಅವರು ಅಡುಗೆಯವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಾರಾದರೂ ಹಾಗೆ ಕರೆದರೆ ಅವರಿಗೆ ಸಿಟ್ಟು ಮೂಗಿನ ತುದಿಗೆ ಬರುತ್ತಿತ್ತು. "ಅಡುಗೆಯೋರು ಒಲೆ ನೋಡ್ತಾರೆ. ನಾನು ಮುಖ ನೋಡೋನು" ಎನ್ನುತ್ತಿದ್ದರು. ಛತ್ರದಲ್ಲಿ ಪಂಕ್ತಿ ಕೂತ ಮೇಲೆ ಬಡಿಸುವ ಹುಡುಗರನ್ನು ಸಾಲಾಗಿ ಬಿಡುವುದು, ಯಾರ ಎಲೆಯಲ್ಲಿ ಏನು ಮುಗಿದಿದೆ ಎಂದು ಕಣ್ಣಲ್ಲೇ ಹಿಡಿಯುವುದು, ಬೀಗರ ಕಡೆಯ ಮುನಿಸಿಕೊಂಡ ಮಾವನೊಬ್ಬನನ್ನು ಎರಡು ಹೋಳಿಗೆಯಲ್ಲಿ ಕರಗಿಸುವುದು, ಇದು ಅವರ ವಿದ್ಯೆ.

ನನ್ನ ಮದುವೆಯಲ್ಲೂ ಅವರೇ ಬಡಿಸಿದ್ದು. ನಮ್ಮ ಮಾವನವರು ಊಟಕ್ಕೆ ಕೂತಾಗ ಮುಖ ಊದಿಸಿಕೊಂಡಿದ್ದರು. ಏಳುವಾಗ ತುಪ್ಪ ಸವರಿದ ಕೈ ನೆಕ್ಕುತ್ತಿದ್ದರು. ನನ್ನ ಸಂಸಾರ ನೆಟ್ಟಗೆ ಶುರುವಾಗಿದ್ದರಲ್ಲಿ ವರದಣ್ಣನ ಪಾಲೂ ಇದೆ ಎಂದು ನಾನು ಈಗಲೂ ಹೇಳುತ್ತೇನೆ, ನಮ್ಮ ಯಜಮಾನರು ಕೇಳಿಸದವರಂತೆ ಪೇಪರ್ ಓದುತ್ತಾರೆ.

ಹೊಸದಾಗಿ ಸೇರಿದ ಹುಡುಗರಿಗೆ ಅವರು ಒಂದು ಪಾಠ ಹೇಳಿಕೊಡುತ್ತಿದ್ದರು. "ಮೊದಲನೇ ಸಾಕು ನಾಚಿಕೆಗೆ, ಎರಡನೇ ಸಾಕು ಮರ್ಯಾದೆಗೆ, ಮೂರನೇ ಸಾಕು ಹೊಟ್ಟೆಗೆ. ಬಾಯಿ ಮಾತು ನಂಬ್ಬೇಡ್ರೋ, ಕೈ ನೋಡ್ರಿ. ಕೈ ಎಲೆಗೆ ಅಡ್ಡ ಬಂತಾ? ಆಗ ಸೌಟು ಹಿಂದಕ್ಕೆ. ಬರಲಿಲ್ವಾ? ಬಡಿಸ್ತಾ ಇರಿ." ಈ ಪಾಠ ಎಲ್ಲ ಛತ್ರಗಳಲ್ಲೂ ಗಾದೆಯಂತೆ ಓಡಾಡುತ್ತಿತ್ತು. ಊಟಕ್ಕೆ ಕೂತವರೇ ನಗುತ್ತಾ "ಇದು ಎರಡನೇ ಸಾಕು ವರದಣ್ಣ" ಎನ್ನುತ್ತಿದ್ದುದನ್ನು ನಾನು ಕೇಳಿದ್ದೇನೆ.

ಅವರಿಗೆ ಮಕ್ಕಳಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಆಕೆಯ ತಮ್ಮ ಚಿದಂಬರ ಅವರ ಮನೆಗೇ ಬಂದು ಇದ್ದ. ಮದುವೆಯಾಗದ ಮನುಷ್ಯ, ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಭಾವ ಭಾಮೈದ ಇಬ್ಬರೂ ಚಾಮರಾಜಪೇಟೆಯ ಒಂದು ಅಡ್ಡರಸ್ತೆಯ ಚಿಕ್ಕ ಮನೆಯಲ್ಲಿ ಹೇಗೋ ಇದ್ದರು. ಆಮೇಲೆ ವರದಣ್ಣನಿಗೆ ಸ್ಟ್ರೋಕ್ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಪೂರ್ತಿ ನಿಂತಿತು. ಕೆಲವು ವಾರ ಕಳೆದು ಒಂದು ಬೆಳಿಗ್ಗೆ ಬಾಯಿ ತೆರೆದರು. "ಸಾಕು" ಎಂದರು. ಸುತ್ತ ಇದ್ದವರು ಸಂತೋಷಪಟ್ಟರಂತೆ. ಬಡಿಸುವವನ ಬಾಯಲ್ಲಿ ಮತ್ತೇನು ಬರಬೇಕು ಎಂದು ನಕ್ಕರಂತೆ. ಆ ಮೇಲೆ ಇನ್ನೊಂದು ಮಾತು ಬರಲಿಲ್ಲ.

ಇಷ್ಟೂ ನನಗೆ ಗೊತ್ತಾಗಿದ್ದು ತಡವಾಗಿ. ನಾನು ಬ್ಯಾಂಕಿನ ಕೆಲಸ ಬಿಟ್ಟ ಮೇಲೆ ಬಸವನಗುಡಿಯ ಒಂದು ಹಿರಿಯರ ಸಹಾಯವಾಣಿಯಲ್ಲಿ ವಾರಕ್ಕೆ ಕೆಲವು ದಿನ ಫೋನಿನ ಮುಂದೆ ಕೂರುತ್ತೇನೆ. ಹೆಸರು ನಂದಿತಾ, ಬಾಯಿ ಸ್ವಲ್ಪ ಜೋರು. ಒಂದು ಗುರುವಾರ ಬೆಳಿಗ್ಗೆ ಮಾಯಣ್ಣ ಫೋನ್ ಮಾಡಿದ. ಛತ್ರಗಳಿಗೆ ಬಾಳೆಎಲೆ ಹಾಕುವವನು ಅವನು, ವರದಣ್ಣನ ಹಳೆಯ ಒಡನಾಡಿ.

"ಮೇಡಂ, ನೋಡಕ್ಕೆ ಅಂತ ಹೋಗಿದ್ದೆ. ಆ ಚಿದಂಬರಪ್ಪ ಬಾಗಿಲಲ್ಲೇ ನಿಲ್ಸಿ ಮಾತಾಡ್ಸ್ದ. ಕಿಟಕೀಲಿ ಒಂಚೂರು ಕಾಣ್ಸಿದ್ರು. ಮನುಷ್ಯ ಇಲ್ಲ ಮೇಡಂ ಅಲ್ಲಿ, ಬರೀ ಬನಿಯನ್ ನೇತಾಕಿದಂಗೆ ಇದೆ. ನನ್ನ ನೋಡಿ ಕಣ್ಣಲ್ಲಿ ನೀರು ಹಾಕೊಂಡ್ರು."

"ಏನಾದ್ರೂ ಹೇಳಿದ್ರಾ?"

"ಸಾಕು ಅಂದ್ರು."

ಅಂದೇ ಮಧ್ಯಾಹ್ನ ಹೋದೆ. ಚಿದಂಬರ ಗ್ರಿಲ್ ಬಾಗಿಲು ತೆರೆದು ಕೈ ಮುಗಿದ. ಮೆತ್ತಗಿನ ಧ್ವನಿ, ಬಾಯಲ್ಲಿ ಬೆಲ್ಲ. ಒಳಗೆ ಕರೆದ. ವರದಣ್ಣ ಹಿಂದಿನ ಕೋಣೆಯ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಕೋಣೆ ಗುಡಿಸಿತ್ತು, ಹಾಸಿಗೆ ಮಡಿಸಿತ್ತು, ಮೂಲೆಯಲ್ಲಿ ಊದುಬತ್ತಿ ಹಚ್ಚಿತ್ತು. ತಪ್ಪು ಹುಡುಕಲು ಬಂದವಳಿಗೆ ಏನೂ ಸಿಗದಷ್ಟು ಅಚ್ಚುಕಟ್ಟು. ಆದರೆ ಕೊರಳಿನ ಎಲುಬು ಎದ್ದು ಕಾಣುತ್ತಿತ್ತು, ತುಟಿ ಒಡೆದಿತ್ತು. ನೂರಾರು ಜನರ ಹೊಟ್ಟೆ ತುಂಬಿಸಿದ ಮನುಷ್ಯ ಹೀಗೆ ಕೂತಿದ್ದರು.

"ವರದಣ್ಣ, ಊಟ ಆಯ್ತಾ?"

"ಸಾಕು."

"ನೋಡಿ" ಎಂದ ಚಿದಂಬರ. "ಎರಡು ತುತ್ತಿಗೆ ಸಾಕು ಅಂದ್ಬಿಡ್ತಾರೆ. ಡಾಕ್ಟರ್ ಮುಂದೇನೂ ಅದೇ, ಪೊಲೀಸ್ ಮುಂದೇನೂ ಅದೇ. ನಾನೇನು ಬಾಯಿಗೆ ತುರುಕ್ಲಾ ಮೇಡಂ? ಇನ್ನು ನನ್ನ ಕೈಲೂ ಆಗಲ್ಲ. ಭಾನುವಾರ ಹೊಸೂರು ಆಚೆ ಒಂದು ಆಶ್ರಮಕ್ಕೆ ಬಿಟ್ಟು ಬರ್ತೀನಿ. ಗಾಳಿ ಚೆನ್ನಾಗಿದೆಯಂತೆ."

"ಯಾರು ನಡೆಸ್ತಾರೆ ಆಶ್ರಮಾನ?"

"ಪರಿಚಯದೋರು ಹೇಳಿದ್ದು. ಒಂದ್ಸಲ ಬಿಟ್ರೆ ಆಮೇಲೆ ಎಲ್ಲಾ ಅವರೇ ನೋಡ್ಕೋತಾರಂತೆ, ನಾವು ಹೋಗೋದೇ ಬೇಡವಂತೆ."

ನಾವು ಹೋಗುವುದೇ ಬೇಡ. ಹೊಸೂರು ಆಚೆ ಎಂದರೆ ರಾಜ್ಯದ ಗಡಿ ದಾಟಿತು. ನಮ್ಮ ಪೊಲೀಸರು, ನಮ್ಮ ಇಲಾಖೆ, ನಮ್ಮ ಸಹಾಯವಾಣಿ, ಯಾರ ಕೈಯೂ ಅಲ್ಲಿಗೆ ಸುಲಭವಾಗಿ ಎಟುಕುವುದಿಲ್ಲ. ಈ ಸ್ಥಿತಿಯಲ್ಲಿ ಹೋದ ಮನುಷ್ಯ ಬದುಕಿ ಉಳಿದಿದ್ದಾನೆಯೇ ಎಂದು ಕೇಳುವವರೂ ಇರುವುದಿಲ್ಲ. ಭಾನುವಾರದೊಳಗೆ ಏನಾದರೂ ಆಗಬೇಕಿತ್ತು.

ಹೊರಗೆ ಬಂದು ರಸ್ತೆಯಲ್ಲೇ ನಿಂತು ಫೋನ್ ಮಾಡಲು ಶುರು ಮಾಡಿದೆ. ಠಾಣೆಯ ಬೀಟ್ ಪೇದೆ ಮಂಜುನಾಥ್ ಸಿಕ್ಕ. ಒಳ್ಳೆಯ ಹುಡುಗ, ತನ್ನ ಬೀಟಿನಲ್ಲಿ ಒಂಟಿ ಹಿರಿಯರ ಮನೆಗಳಿಗೆ ಹೋಗಿ ಮಾತಾಡಿಸಿಕೊಂಡು ಬರುವವನು. "ಹೋಗಿದೀನಿ ಮೇಡಂ. ಏನಾದ್ರೂ ತೊಂದರೆ ಇದೆಯಾ ಅಂತ ಕೇಳ್ದೆ. ಸಾಕು ಅಂದ್ರು. ಅವರೇ ದೂರು ಇಲ್ಲ ಅಂದ್ಮೇಲೆ ನಾನೇನ್ ಮಾಡ್ಲಿ?" ಆಶಾ ಕಾರ್ಯಕರ್ತೆ ಹೇಮಶ್ರೀಗೆ ಮಾಡಿದೆ. ಅವಳು ಬಿಪಿ ನೋಡಲು ಹೋಗಿದ್ದಳು. "ಮಾತ್ರೆ ಬೇಕಾ, ಟಾನಿಕ್ ಬೇಕಾ ಅಂತ ಕೇಳಿದ್ನಲ್ಲ ಮೇಡಂ. ಸಾಕು ಅಂದ್ರು. ಕಡಿಮೆ ತಿಂತಾರೆ ಅಂತ ಅವರ ಭಾಮೈದನೂ ಹೇಳಿದ್ರು." ಹಿರಿಯ ನಾಗರಿಕರ ಇಲಾಖೆಯ ಅಧಿಕಾರಿ ಶ್ರೀನಿವಾಸಯ್ಯನವರಿಗೆ ಮಾಡಿದೆ. ಅವರು ನಿಧಾನವಾಗಿ ಕೇಳಿಸಿಕೊಂಡರು.

"ನೋಡಿ ನಂದಿತಾ ಅವರೇ, ವಯಸ್ಸಾಗಿದೆ ಅಂದ ಮಾತ್ರಕ್ಕೆ ಅವರು ಮಗು ಅಲ್ಲ. ಅವರ ಇಷ್ಟ ಇಲ್ದೆ ಮನೆಯಿಂದ ಎತ್ಕೊಂಡು ಬಂದ್ರೆ ನಾವೂ ತಪ್ಪಿತಸ್ಥರೇ. ಅವರ ಬಾಯಲ್ಲಿ ಒಂದು ಮಾತು ಬೇಕು."

"ಅವರ ಬಾಯಲ್ಲಿ ಇರೋದೇ ಒಂದು ಮಾತು ಸಾರ್!" ಎಂದು ರಸ್ತೆಯಲ್ಲೇ ಕಿರುಚಿದೆ. ಹೂವಿನ ಗಾಡಿಯವಳು ತಿರುಗಿ ನೋಡಿದಳು.

ಒಬ್ಬೊಬ್ಬರೂ ಅವರವರ ಕೆಲಸವನ್ನು ಸರಿಯಾಗಿಯೇ ಮಾಡಿದ್ದರು, ಅದೇ ನನ್ನ ಹೊಟ್ಟೆ ಉರಿಸಿದ್ದು. ಪೇದೆ ತೊಂದರೆ ಕೇಳಿದ್ದ, ಆಶಾ ಕಾರ್ಯಕರ್ತೆ ಬಿಪಿ ನೋಡಿದ್ದಳು, ಅಧಿಕಾರಿ ಕಾನೂನು ನೋಡಿದ್ದರು. ಮನುಷ್ಯ ಮಾತ್ರ ಕರಗುತ್ತಾ ಹೋಗಿದ್ದ. ಕುರುಡರು ಆನೆ ಮುಟ್ಟಿದ ಕತೆಯನ್ನು ಎಲ್ಲರೂ ಓದಿರುತ್ತೇವೆ, ಆದರೆ ಆ ಕುರುಡರನ್ನು ಒಂದೇ ಕೋಣೆಯಲ್ಲಿ ಕೂರಿಸಿ ಚಹಾ ಕೊಟ್ಟು ಮಾತಾಡಿಸಬೇಕು ಎಂದು ಯಾರಿಗೂ ಹೊಳೆಯುವುದಿಲ್ಲ. ನಾನು ಎಲ್ಲರಿಗೂ ಮತ್ತೆ ಫೋನ್ ಮಾಡಿ, ಬೇಡಿ, ಬೈದು, ಶುಕ್ರವಾರ ಮಧ್ಯಾಹ್ನ ನಮ್ಮ ಕಚೇರಿಗೆ ಬರಲು ಒಪ್ಪಿಸಿದೆ. ಸ್ಟ್ರೋಕ್ ಆದಾಗ ವರದಣ್ಣನಿಗೆ ಮಾತಿನ ತರಬೇತಿ ಶುರು ಮಾಡಿದ್ದ ಥೆರಪಿಸ್ಟ್ ವಿಶಾಖಾಳನ್ನೂ ಹುಡುಕಿ ಕರೆದೆ. ಚಿದಂಬರ ಎರಡೇ ಸಲ ಕರೆದುಕೊಂಡು ಬಂದು ಆಮೇಲೆ ನಿಲ್ಲಿಸಿದ್ದನಂತೆ.

ಶುಕ್ರವಾರ ಎಲ್ಲರೂ ಬಂದರು. ಫ್ಯಾನು ಕಿರಗುಟ್ಟುವ ನಮ್ಮ ಚಿಕ್ಕ ಕೋಣೆಯಲ್ಲಿ ಮೊಣಕಾಲಿಗೆ ಮೊಣಕಾಲು ತಗುಲಿಸಿಕೊಂಡು ಕೂತರು. ಶುರುವಿನಲ್ಲಿ ಒಬ್ಬರಿಗೊಬ್ಬರು ಮುಖ ಕೊಡಲಿಲ್ಲ. ನೀವು ನೋಡಬೇಕಿತ್ತು, ನೀವು ಹೇಳಬೇಕಿತ್ತು ಎಂಬ ಮಾತು ಯಾವ ಗಳಿಗೆಯಲ್ಲಾದರೂ ಸಿಡಿಯುವ ಹಾಗಿತ್ತು. ನಾನು ಒಂದೇ ಕೇಳಿದೆ. "ನೀವು ಏನು ಕೇಳಿದ್ರಿ, ಅವರು ಏನು ಅಂದ್ರು, ಅಷ್ಟೇ ಹೇಳಿ. ನಿಮಗೆ ಏನು ಅರ್ಥ ಆಯ್ತು ಅನ್ನೋದು ಬೇಡ."

ಹೇಮಶ್ರೀ ಮೊದಲು ಹೇಳಿದಳು. "ಮಾತ್ರೆ ಬೇಕಾ ಅಂದೆ, ಸಾಕು ಅಂದ್ರು. ತಲೆ ಸುತ್ತುತ್ತಾ ಅಂದೆ, ಸಾಕು ಅಂದ್ರು..." ಅಲ್ಲಿಗೆ ತಾನೇ ನಿಂತಳು.

ಮಂಜುನಾಥ್ ಕೈಯಲ್ಲಿದ್ದ ಟೋಪಿಯನ್ನು ತಿರುಗಿಸುತ್ತಿದ್ದ. "ನಾನು ಮೊದ್ಲು ಹೆಸರು ಕೇಳ್ದೆ ಮೇಡಂ" ಎಂದ. "ಸಾಕು ಅಂದ್ರು. ಬೇಜಾರಲ್ಲಿದಾರೆ, ಪೊಲೀಸ್ನೋರು ಬಂದಿದ್ದು ಇಷ್ಟ ಆಗಿಲ್ಲ ಅನ್ಕೊಂಡೆ."

ಹೆಸರು ಕೇಳಿದರೆ ಸಾಕು ಎನ್ನುವ ಮನುಷ್ಯನ ಸಾಕನ್ನು ಊಟಕ್ಕೂ, ಔಷಧಕ್ಕೂ, ಬದುಕಿಗೂ ಉತ್ತರ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಬೇರೆ ಯಾವ ಪದ ಉಳಿದಿದ್ದರೂ ಇಷ್ಟು ಅನ್ಯಾಯ ಆಗುತ್ತಿರಲಿಲ್ಲ. "ಮೇಜು" ಎಂದೋ "ಕಾಗೆ" ಎಂದೋ ಉಳಿದಿದ್ದರೆ ಮೊದಲ ದಿನವೇ ಅನುಮಾನ ಬರುತ್ತಿತ್ತು. ಸಾಕು ಎನ್ನುವುದನ್ನು ಮಾತ್ರ ನಮ್ಮ ಜನ ಕಣ್ಣು ಮುಚ್ಚಿಕೊಂಡು ನಂಬುತ್ತಾರೆ. ಅಷ್ಟು ಮರ್ಯಾದಸ್ಥ ಪದ ಅದು.

"ಸ್ಟ್ರೋಕ್ ಆದೋರಿಗೆ ಹೀಗಾಗುತ್ತೆ" ಎಂದಳು ವಿಶಾಖಾ. "ಒಂದೇ ಪದ ಉಳ್ಕೊಳ್ಳುತ್ತೆ. ಏನು ಹೇಳೋಕೆ ಹೋದ್ರೂ ಅದೇ ಬರುತ್ತೆ. ಅವರು ಬೇಕು ಅಂತ ಹೇಳೋಕೆ ಹೋದ್ರೂ ಬಾಯಲ್ಲಿ ಸಾಕು ಅಂತಾನೇ ಬರಬಹುದು. ನಾವು ಹೇಳೋದು ಅವರಿಗೆ ಅರ್ಥ ಆಗ್ತಿರಬಹುದು. ಆದ್ರೆ ನಾನು ನೋಡಿದಾಗ ಮಾತೇ ಇರಲಿಲ್ಲ, ಮತ್ತೆ ನೋಡದೆ ಖಾತ್ರಿ ಕೊಡಲಾರೆ."

"ಹಾಗಾದ್ರೆ ಅವರ ಇಷ್ಟ ಏನು ಅಂತ ತಿಳಿಯೋದು ಹೇಗೆ?" ಶ್ರೀನಿವಾಸಯ್ಯನವರು ಕೇಳಿದರು. ಅವರ ಧ್ವನಿಯಲ್ಲಿ ಈಗ ಕಾನೂನಿಗಿಂತ ಗಾಬರಿ ಹೆಚ್ಚಾಗಿತ್ತು.

"ಕೈ ನೋಡ್ಬೇಕು ಸಾರ್" ಎಂದೆ. ವರದಣ್ಣ ಹುಡುಗರಿಗೆ ಹೇಳಿಕೊಡುತ್ತಿದ್ದ ಪಾಠ ಹೇಳಿದೆ. ಮೂರು ಸಾಕುಗಳ ಲೆಕ್ಕ, ಎಲೆಗೆ ಅಡ್ಡ ಬರುವ ಕೈ. ವಿಶಾಖಾ ಮುಂದಕ್ಕೆ ಬಗ್ಗಿದಳು. ಆಯುಷ್ಯವೆಲ್ಲಾ ನೋಡಿದ ಸನ್ನೆ ಮಾತು ಹೋದ ಮೇಲೂ ಉಳಿದಿರಬಹುದು, ಎಡಗೈ ಚೆನ್ನಾಗಿದೆಯಲ್ಲ ಎಂದಳು. ಎಲೆ ಹಾಕಿಯೇ ಕೇಳೋಣ, ಆದರೆ ಮೊದಲು ನುಂಗಲು ಆಗುತ್ತದೆಯೇ ನೋಡಬೇಕು, ಬಹಳ ದಿನ ಹಸಿದವರಿಗೆ ಒಮ್ಮೆಲೇ ಕೊಟ್ಟರೆ ಪ್ರಾಣಕ್ಕೇ ಅಪಾಯ, ಅನ್ನ ಮೆತ್ತಗೆ ಕಲಸಿರಬೇಕು ಎಂದಳು. ಅನ್ನ ತರುವುದು ಹೇಮಶ್ರೀ. ಆಂಬುಲೆನ್ಸು, ಆಸ್ಪತ್ರೆಯ ಹಾಸಿಗೆ ಶ್ರೀನಿವಾಸಯ್ಯನವರದು. ಮಂಜುನಾಥ್ ಸಮವಸ್ತ್ರದಲ್ಲಿ ಬರಬೇಕು, ಆದರೆ ಲಾಠಿ ಬೇಡ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಶನಿವಾರ ಬೆಳಿಗ್ಗೆ ಎಂದು ನಿಗದಿಯಾಯಿತು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಚಿದಂಬರನಿಗೆ ಸುಳಿವು ಸಿಕ್ಕಿ ಬೆಳಗಾಗುವುದರೊಳಗೆ ಹೊರಟುಬಿಟ್ಟರೆ? ಎಲೆ ಮುಂದೆ ಕೂತು ವರದಣ್ಣ ಕೈಯನ್ನೇ ಆಡಿಸದಿದ್ದರೆ? ಸ್ಟ್ರೋಕ್ ಅವರ ಅರ್ಥವನ್ನೂ ಕಿತ್ತುಕೊಂಡಿದ್ದರೆ? ಹಾಗಿದ್ದರೆ ನಾವು ಇಷ್ಟು ಜನ ಸೇರಿಯೂ ಕೈ ಮುಗಿದು ವಾಪಸ್ಸು ಬರಬೇಕಿತ್ತು, ಭಾನುವಾರ ಅವರನ್ನು ಕಾರಿಗೆ ಹತ್ತಿಸುವುದನ್ನು ನೋಡಬೇಕಿತ್ತು.

ಶನಿವಾರ ಆ ಅಡ್ಡರಸ್ತೆಗೆ ತಿರುಗಿದಾಗ ಮನೆಯ ಮುಂದೆ ಒಂದು ಬ್ಯಾಗು ಕಂಡಿತು. ಹೊರಟೇಬಿಟ್ಟರೇನೋ ಎಂದು ಓಡಿದೆ. ಅದು ವರದಣ್ಣನ ಬಟ್ಟೆಯ ಬ್ಯಾಗು, ಚಿದಂಬರ ನಾಳೆಗೆ ಎಂದು ಕಟ್ಟಿ ಹೊರಗೆ ಇಟ್ಟಿದ್ದನಂತೆ. ನಮ್ಮನ್ನೆಲ್ಲ ಒಟ್ಟಿಗೆ ನೋಡಿ ಚಿದಂಬರನ ಮುಖ ಬಿಳಿಚಿಕೊಂಡಿತು. ಆದರೂ ಬನ್ನಿ ಬನ್ನಿ ಎಂದ. ಎಲ್ಲರೂ ಹಿಂದಿನ ಕೋಣೆಗೆ ಹೋದೆವು. ವರದಣ್ಣ ಇಷ್ಟು ಜನರನ್ನು ನೋಡಿ ಗೋಡೆಗೆ ಸರಿದರು. ಹೆದರಿದ್ದರು.

ಶ್ರೀನಿವಾಸಯ್ಯನವರು ತಮ್ಮ ಪದ್ಧತಿಯಂತೆ ಮೊದಲು ಬಾಯಲ್ಲೇ ಕೇಳಿದರು. "ವರದರಾಜ ಅವರೇ, ನಿಮಗೆ ಇಲ್ಲಿ ಏನಾದ್ರೂ ತೊಂದರೆ ಇದೆಯಾ?"

"ಸಾಕು" ಎಂದರು ವರದಣ್ಣ. ಇನ್ನೂ ಜೋರಾಗಿ, "ಸಾಕು, ಸಾಕು!" ಎಂದರು. ಕೊರಳಿನ ನರ ಉಬ್ಬಿತು.

"ನೋಡಿದ್ರಾ ಸಾರ್?" ಎಂದ ಚಿದಂಬರ. "ಅವರ ಬಾಯಿಂದಲೇ ಕೇಳಿದ್ರಲ್ಲ. ಸುಮ್ನೆ ಕಾಯಿಲೆ ಮನುಷ್ಯನ್ನ ಹೆದರಿಸ್ತಿದೀರಿ."

ನಾನು ಮಂಚದ ಮೇಲೆ ಹಲಗೆ ಇಟ್ಟು, ಮಾಯಣ್ಣ ಕೊಟ್ಟಿದ್ದ ಬಾಳೆಎಲೆಯನ್ನು ಹಾಕಿದೆ. ಅವಸರದಲ್ಲಿ ಎಲೆಯ ತುದಿ ಯಾವ ಕಡೆ ಬಿತ್ತು ಎಂದು ನೋಡಲೇ ಇಲ್ಲ. ವರದಣ್ಣ ಎಲೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಛತ್ರದಲ್ಲಿ ತಪ್ಪು ಮಾಡಿದ ಹುಡುಗನನ್ನು ನೋಡುವ ಅದೇ ನೋಟ. ಎಡಗೈ ಚಾಚಿ, ಎಲೆಯನ್ನು ನಿಧಾನವಾಗಿ ತಿರುಗಿಸಿ, ತುದಿಯನ್ನು ತಮ್ಮ ಎಡಕ್ಕೆ ತಂದು ಇಟ್ಟುಕೊಂಡರು.

ಹೇಮಶ್ರೀ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಶ್ರೀನಿವಾಸಯ್ಯನವರು ಕನ್ನಡಕ ಸರಿ ಮಾಡಿಕೊಂಡು ಮುಂದಕ್ಕೆ ಬಂದು ಕೂತರು. "ಎಲ್ಲಾ ಗೊತ್ತಾಗ್ತಿದೆ ಇವರಿಗೆ" ಎಂದರು, ಯಾರಿಗೆ ಎಂದಿಲ್ಲದೆ.

ವಿಶಾಖಾ ಮೊದಲು ಒಂದು ಚಮಚ ನೀರು ಕೊಟ್ಟು ಗಂಟಲಿನ ಮೇಲೆ ಬೆರಳಿಟ್ಟು ನೋಡಿದಳು. ಕೆಮ್ಮಲಿಲ್ಲ, ನುಂಗಿದರು. ಹೇಮಶ್ರೀ ಡಬ್ಬಿ ತೆರೆದು ನನ್ನ ಕಿವಿಯಲ್ಲಿ "ನಮ್ಮನೆ ಅನ್ನ ತಿಂತಾರಾ ಮೇಡಂ?" ಎಂದಳು. ನಾನು ಉತ್ತರ ಕೊಡುವ ಮೊದಲೇ ವರದಣ್ಣ ಅನ್ನದ ವಾಸನೆ ಹಿಡಿದು ಡಬ್ಬಿಯ ಕಡೆಗೆ ಮುಖ ಚಾಚಿದ್ದರು. ತಿಳಿಸಾರು ಹಾಕಿ ಕಲಸಿದ ಅನ್ನದ ಒಂದು ಸಣ್ಣ ಮುದ್ದೆ ಎಲೆಗೆ ಬಿತ್ತು. "ಸಾಕು" ಎಂದರು. ಕೈ ಮಾತ್ರ ಎಲೆಯಿಂದ ದೂರ ತೊಡೆಯ ಮೇಲಿತ್ತು. ಇನ್ನೊಂದು ಚಮಚ ಬಿತ್ತು. "ಸಾಕು, ಸಾಕು" ಎಂದರು, ಕಣ್ಣಿಂದ ನೀರು ಇಳಿಯುತ್ತಿತ್ತು, ಕೈ ಅಡ್ಡ ಬರಲಿಲ್ಲ. ಹೇಮಶ್ರೀ ಚಮಚದಲ್ಲಿ ತಿನ್ನಿಸಿದಳು, ಸಾಕು ಸಾಕು ಎನ್ನುತ್ತಲೇ ತಿಂದರು. ಕೊನೆಗೆ ವಿಶಾಖಾಳೇ ತಡೆಯಬೇಕಾಯಿತು.

ಆಮೇಲೆ ಅವಳು ಖಾಲಿ ಸೌಟು ಹಿಡಿದು ಕೇಳುತ್ತಾ ಹೋದಳು. ಹೌದಾದರೆ ಕೈ ದೂರ, ಅಲ್ಲವಾದರೆ ಎಲೆಗೆ ಅಡ್ಡ ಎಂದು ಮೊದಲೇ ಅವರಿಗೆ ಹೇಳಿದ್ದಳು.

"ನಿಮ್ಮ ಹೆಸರು ಚಿದಂಬರನಾ?" ಕೈ ಅಡ್ಡ ಬಂತು. "ವರದರಾಜನಾ?" ಕೈ ಸರಿಯಿತು. "ನಾವಿರೋದು ಮಲ್ಲೇಶ್ವರನಾ?" ಅಡ್ಡ. "ಚಾಮರಾಜಪೇಟೇನಾ?" ಸರಿಯಿತು. ಶ್ರೀನಿವಾಸಯ್ಯನವರು ಪ್ರಶ್ನೆಗಳನ್ನು ಹಿಂದುಮುಂದು ಮಾಡಿ ಮತ್ತೆ ಕೇಳಿಸಿದರು. ಉತ್ತರ ಬದಲಾಗಲಿಲ್ಲ. ಆ ಮೇಲೆ ಅವರೇ ಸೌಟು ತೆಗೆದುಕೊಂಡರು.

"ಹೊಸೂರು ಆಶ್ರಮಕ್ಕೆ ಹೋಗ್ತೀರಾ?"

ಕೈ ಎಲೆಗೆ ಅಡ್ಡ ಬಂತು. ಅಲ್ಲೇ ನಿಂತಿತು.

"ಹೊಟ್ಟೆ ತುಂಬಾ ಊಟ ಹಾಕ್ತಿದಾರಾ?"

ಕೈ ಸರಿಯಲಿಲ್ಲ.

"ನಾನೂ ಮನುಷ್ಯಾನೇ ಕಣ್ರೀ!" ಚಿದಂಬರ ಕಿರುಚಿದ. ಮೆತ್ತಗಿನ ಧ್ವನಿ ಎಲ್ಲಿ ಹೋಯಿತೋ. "ಎಷ್ಟು ಸಲ ಬಟ್ಟೆ ಬದಲಾಯಿಸ್ಲಿ ನಾನು? ಎಷ್ಟು ಸಲ ಎತ್ತಿ ಕೂರಿಸ್ಲಿ? ಅಂಗಡಿ ಕೆಲಸಾನೂ ಹೋಯ್ತು. ಕಮ್ಮಿ ತಿಂದ್ರೆ ಕಮ್ಮಿ ಕೆಲಸ. ಹೌದು, ಹಾಗೇ ಮಾಡ್ದೆ. ಅವರೂ ಸಾಕು ಅಂತಿದ್ರು. ಸುಳ್ಳು ಅಂತ ಗೊತ್ತಿತ್ತು. ಆಮೇಲಾಮೇಲೆ ನಂಬೋದು ಸುಲಭ ಆಯ್ತು. ನೀವೆಲ್ಲಾ ಒಬ್ಬೊಬ್ರೇ ಬಂದ್ರಲ್ಲ, ಒಬ್ರಾದ್ರೂ ಕೇಳಿದ್ರಾ, ಚಿದಂಬರ ನೀನು ಹೇಗಿದೀಯಾ ಅಂತ?"

ನಾವು ಕೇಳಿರಲಿಲ್ಲ. ಅದು ನಮ್ಮ ಪಟ್ಟಿಯಲ್ಲೇ ಇರಲಿಲ್ಲ. ಆದರೂ ಎದುರಿಗೆ ಆ ಎಲುಬಿನ ಕೊರಳು ಕಾಣುತ್ತಿತ್ತು, ನನಗೆ ಅವನ ಮೇಲೆ ಕರುಣೆ ಬರಲಿಲ್ಲ. ಸಿಟ್ಟೇ ಬಂತು.

ಮಂಜುನಾಥ್ ಮಂಚದ ಪಕ್ಕ ಮಂಡಿಯೂರಿ ಕೂತ. "ಯಜಮಾನ್ರೇ, ಇವರ ಮೇಲೆ ಕಂಪ್ಲೇಂಟ್ ಕೊಡ್ತೀರಾ?" ವರದಣ್ಣ ಭಾಮೈದನನ್ನು ನೋಡಿದರು. ಕೈ ಅಡ್ಡ ಬಂತು. ಬೇಡ. ಮಂಜುನಾಥ್‌ಗೆ ನಿರಾಸೆಯಾಯಿತು, ನನಗೂ ಆಯಿತು. ಆಸ್ಪತ್ರೆಗೆ ಕೆಲವು ದಿನ ಬಂದು, ಆಮೇಲೆ ಇದೇ ಮನೆಗೆ ಬರುತ್ತೀರಾ ಎಂದು ಶ್ರೀನಿವಾಸಯ್ಯನವರು ಕೇಳಿದರು. ಕೈ ಸರಿಯಿತು. ಉಳಿದದ್ದು ಒಂದೇ ಪ್ರಶ್ನೆ.

"ಚಿದಂಬರ ಈ ಮನೇಲಿ ಇರಲಾ?"

ಕೈ ಗಾಳಿಯಲ್ಲಿ ನಿಂತಿತು. ಎಲೆಯ ಮೇಲೂ ಇಲ್ಲ, ತೊಡೆಯ ಮೇಲೂ ಇಲ್ಲ. ಹೆಂಡತಿಯ ತಮ್ಮ, ಇಷ್ಟು ವರ್ಷ ಜೊತೆಗಿದ್ದವನು. "ಭಾವ" ಎಂದ ಚಿದಂಬರ, ಅಷ್ಟೇ. ಕೈ ಇಳಿಯಿತು. ಎಲೆಗೆ ಅಡ್ಡವಾಗಿ, ಮಿಕ್ಕಿದ್ದ ಅನ್ನದ ಅಗುಳಿನ ಮೇಲೆಯೇ ಒತ್ತಿ ಕೂತಿತು. ಚಿದಂಬರ ಹೊರಗೆ ಹೋಗಿ ಜಗಲಿಯ ಮೇಲೆ ಕೂತ. ಆಂಬುಲೆನ್ಸ್ ಬಂದಾಗ ಅವನೇ ಎದ್ದು ಬಂದು ಭಾವನ ಕಾಲು ಹಿಡಿದು ಸ್ಟ್ರೆಚರ್‌ಗೆ ಎತ್ತಿದ. ಮಂಜುನಾಥ್ ತಡೆಯಲು ಹೋಗಿ ಸುಮ್ಮನಾದ.

ಆಸ್ಪತ್ರೆಯಲ್ಲಿ ಡಾಕ್ಟರು ಇನ್ನೂ ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು. ವರದಣ್ಣ ಮೂರು ವಾರಕ್ಕೆ ಮನೆಗೆ ಬಂದರು. ಈಗ ಹಗಲು ಹೊತ್ತು ಮಾಯಣ್ಣನ ಅಕ್ಕ ತಿಮ್ಮಕ್ಕ ಅವರ ಜೊತೆಗಿರುತ್ತಾಳೆ, ರಾತ್ರಿಗೆ ಇಲಾಖೆ ಗೊತ್ತು ಮಾಡಿದ ಸಹಾಯಕ. ಹೇಮಶ್ರೀ, ಮಂಜುನಾಥ್, ವಿಶಾಖಾ ಬೇರೆಬೇರೆ ದಿನ ಹೋಗುತ್ತಾರೆ, ಯಾರು ಹೋದರೂ ಉಳಿದವರಿಗೆ ಫೋನ್ ಮಾಡಿ ಹೇಳುತ್ತಾರೆ. ಎಲ್ಲಾ ನೆಟ್ಟಗಿದೆ ಎಂದು ಬರೆದು ಮುಗಿಸಬಹುದಿತ್ತು, ಆದರೆ ಹಾಗಿಲ್ಲ. ರಾತ್ರಿಯ ಸಹಾಯಕ ಒಂದು ದಿನ ಹೇಳದೆ ಕೇಳದೆ ತಪ್ಪಿಸಿಕೊಂಡ. ಶ್ರೀನಿವಾಸಯ್ಯನವರಿಗೆ ವರ್ಗಾವಣೆ ಎಂಬ ಸುದ್ದಿ ಓಡಾಡುತ್ತಿದೆ, ಅವರ ಜಾಗಕ್ಕೆ ಬರುವವರು ಎಂಥವರೋ. ಫೋನ್ ರಿಂಗಾದರೆ ಈಗಲೂ ಮೊದಲು ಆ ಮನೆಯೇ ನೆನಪಿಗೆ ಬರುತ್ತದೆ.

ಮೊನ್ನೆ ಹಾಗೇ ರಿಂಗಾಯಿತು. ಎತ್ತಿದೆ.

"ಮೇಡಂ, ನಾನು ಚಿದಂಬರ."

ಹಿಂದೆ ಬಸ್ಸುಗಳ ಹಾರನ್ನು, ಕಂಡಕ್ಟರುಗಳ ಕೂಗು ಕೇಳಿಸುತ್ತಿತ್ತು, ಮೆಜೆಸ್ಟಿಕ್ ಕಡೆಯಿಂದ ಇರಬೇಕು. ಅಲ್ಲಿ ಯಾವುದೋ ಲಾಡ್ಜಿನಲ್ಲಿ ಕೆಲಸಕ್ಕಿದ್ದಾನೆ ಎಂದು ಮಂಜುನಾಥ್ ಹೇಳಿದ್ದ.

"ಭಾವ ಊಟ ಮಾಡ್ತಿದಾರಾ ಮೇಡಂ?"

"ಮಾಡ್ತಿದಾರೆ."

"ಎಷ್ಟು ಮಾಡ್ತಾರೆ?"

ಅವನಿಗೆ ಹೇಳಬೇಕೆಂದು ನಾನು ಎಷ್ಟೋ ಮಾತು ಕಟ್ಟಿಟ್ಟುಕೊಂಡಿದ್ದೆ. ಒಂದೂ ಬಾಯಿಗೆ ಬರಲಿಲ್ಲ.

"ಬಡಿಸಿದಷ್ಟೂ" ಎಂದೆ.

ಆ ಕಡೆ ಬಸ್ಸುಗಳ ಸದ್ದು ಹಾಗೇ ಕೇಳುತ್ತಿತ್ತು. ಅವನು ಅಳುತ್ತಿದ್ದ. ಅವನು ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ.